ಫ್ಯಾಮಿಲಿ ಕಾರು ನೋಡುವಾಗ ಹಿಂದಿನ ಸೀಟಿನಿಂದ ಶುರು ಮಾಡಿ

ನಮ್ಮ ಮನೆ ಚಿತ್ರದುರ್ಗದಲ್ಲಿ, ನನ್ನ ಕೆಲಸ ದಾವಣಗೆರೆಯಲ್ಲಿ. ಹೋಗೋಕೆ ಸುಮಾರು 60 ಕಿಲೋಮೀಟರ್, ಬರೋಕೆ ಅಷ್ಟೇ. ಭಾನುವಾರ ಬಂತೆಂದರೆ ಅದೇ ಕಾರಿನಲ್ಲಿ ಅಮ್ಮ, ಮನೆಯವರು, ಇಬ್ಬರು ಮಕ್ಕಳು. ಹಳೆಯ ಕಾರು ಕೊಳ್ಳುವಾಗ ಶೋರೂಮಿನ ಸುತ್ತ ಎರಡು ಕಿಲೋಮೀಟರ್ ಒಬ್ಬಳೇ ಓಡಿಸಿ, ಬಣ್ಣ ಆರಿಸಿ, ಅಡ್ವಾನ್ಸ್ ಕೊಟ್ಟು ಬಂದಿದ್ದೆ. ಅಮ್ಮನನ್ನು ಮೊದಲ ಸಲ ಹಿಂದೆ ಕೂರಿಸಿಕೊಂಡು ಹೊಸದುರ್ಗಕ್ಕೆ ಹೊರಟ ದಿನ, ಹೊಳಲ್ಕೆರೆ ಬರುವಷ್ಟರಲ್ಲಿ "ಸ್ವಲ್ಪ ನಿಲ್ಲಿಸೇ, ಕಾಲು ಜೋಮು ಹಿಡೀತು" ಅಂದಳು. ಆರು ವರ್ಷ ಪ್ರತಿ ಪ್ರಯಾಣದಲ್ಲೂ ಅದೇ ಮಾತು. ಈ ಸಲ ಮಿಡ್‌ಸೈಜ್, ಅಂದರೆ 4 ಮೀಟರಿಗಿಂತ ಉದ್ದದ ಕಾರು ಹುಡುಕುವಾಗ ನೋಡುವ ಕ್ರಮವನ್ನೇ ಬದಲಿಸಿದೆ.

ಮೊದಲ ಕೆಲಸ ಮನೆಯಲ್ಲೇ. ಅಮ್ಮ ಕಾರು ಹತ್ತುವುದನ್ನು ಪಕ್ಕದಲ್ಲಿ ನಿಂತು ನೋಡಿದೆ. ಬಾಗಿಲಿನ ಚೌಕಟ್ಟಿಗೆ ಕೈ ಕೊಡುತ್ತಾಳೆ. ಬೆನ್ನು ತಿರುಗಿಸಿ ಮೊದಲು ಕೂರುತ್ತಾಳೆ. ಆಮೇಲೆ ಬಲಗಾಲನ್ನು ಸೀರೆಯ ಸಮೇತ ಎರಡೂ ಕೈಯಿಂದ ಎತ್ತಿ ಒಳಗಿಡುತ್ತಾಳೆ. ಅವಳು ಸಲೀಸಾಗಿ ಕೂತು ಏಳುವ ಊಟದ ಕುರ್ಚಿ ಅಳೆದೆ, 18 ಇಂಚು. ಹಳೆಯ ಕಾರಿನ ಸೀಟು ಅದಕ್ಕಿಂತ ತುಂಬಾ ತಗ್ಗಿತ್ತು, ಮಂಡಿ ನೋವಿನವರು ಬಾವಿಗೆ ಇಳಿದ ಹಾಗೆ ಇಳಿಯಬೇಕಿತ್ತು. ಟೇಪನ್ನು ಬ್ಯಾಗಿನಲ್ಲಿ ಹಾಕಿಕೊಂಡೇ ಶೋರೂಮಿಗೆ ಹೋದೆ. ನೆಲದಿಂದ ಹಿಂದಿನ ಸೀಟು ಎಷ್ಟು ಎತ್ತರ, ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಕಾಲು ಎತ್ತಿಡುವ ಹೊಸ್ತಿಲು ಎಷ್ಟು ಅಗಲ, ಈ ಮೂರನ್ನೂ ಅಳೆಯಿರಿ. ಎತ್ತರದ ಎಸ್‌ಯುವಿ ಆದರೆ ಎಲ್ಲ ಸರಿಹೋಗುತ್ತೆ ಅಂತಲ್ಲ. ಕೆಲವಕ್ಕೆ ಅಮ್ಮ ಹತ್ತಲೇ ಆಗಲಿಲ್ಲ.

ಕೂತ ಮೇಲೆ ತೊಡೆ ನೋಡಿ. ಮಂಡಿಯ ಹತ್ತಿರದವರೆಗೂ ಸೀಟು ತೊಡೆಗೆ ಆನಿಕೆ ಕೊಡಬೇಕು. ಮಂಡಿ ಮೇಲೆದ್ದು ತೊಡೆಯ ಕೆಳಗೆ ಅಂಗೈ ಸಲೀಸಾಗಿ ತೂರುತ್ತದೆ ಅಂದರೆ ಭಾರವೆಲ್ಲ ಕುಂಡಿಯ ಮೇಲೆ ಬೀಳುತ್ತದೆ. ಜೋಮು ಶುರುವಾಗುವುದು ಅಲ್ಲಿಂದಲೇ. ಐದು ನಿಮಿಷಕ್ಕೆ ಇದು ಗೊತ್ತಾಗಲ್ಲ, ಇಪ್ಪತ್ತು ನಿಮಿಷ ಕೂರಬೇಕು. ನಡುವಿನ ಸೀಟಿಗೂ ಹೆಗಲ ಮೇಲಿಂದ ಬರುವ ಬೆಲ್ಟು ಮತ್ತು ತಲೆದಿಂಬು ಇದೆಯಾ ನೋಡಿ. ಅಲ್ಲಿ ಕೂರುವುದು ನಿಮ್ಮ ಮಗುವೇ ಅಲ್ವಾ? ಕಾರನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಭಾರತ್ ಎನ್‌ಕ್ಯಾಪ್ 2023ರಿಂದ ಸ್ಟಾರ್ ಕೊಡುತ್ತಿದೆ. ದೊಡ್ಡವರಿಗೆ ಬೇರೆ, ಮಕ್ಕಳಿಗೆ ಬೇರೆ ಸ್ಟಾರ್ ಇರುತ್ತದೆ. ಎರಡನ್ನೂ ಕೇಳಿ.

ಇನ್ನು ಟೆಸ್ಟ್ ಡ್ರೈವ್. ಮನೆಮಂದಿಯನ್ನೆಲ್ಲ ಕೂರಿಸಿ, ಏಸಿ ಹಾಕಿ, ಹಾಡು ಬಂದ್ ಮಾಡಿ ಹೊರಡಿ. ಒಬ್ಬರೇ ಕೂತಾಗ ಜಿಗಿಯುವ ಕಾರು ಐದು ಜನ ಕೂತರೆ ಬೇರೆಯೇ ಕಾರು. ನಾನು ಜೋಗಿಮಟ್ಟಿ ರಸ್ತೆಯ ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿದೆ. ಹಿಂದಕ್ಕೆ ಜಾರುತ್ತದಾ, ಎಂಜಿನ್ ಗೊಣಗುತ್ತದಾ ನೋಡಿ. ಗಾಳಿ ಒತ್ತಿ ತುಂಬುವ ಟರ್ಬೋ ಇರುವ ಪೆಟ್ರೋಲ್ ಎಂಜಿನ್ ನಿಧಾನಕ್ಕೆ ತಿರುಗುವಾಗಲೇ ಎಳೆಯುತ್ತದೆ. ಟರ್ಬೋ ಇಲ್ಲದ್ದಕ್ಕೆ ಗೇರು ಇಳಿಸಿ ಎಂಜಿನ್ ಜಾಸ್ತಿ ತಿರುಗಿಸಬೇಕು. ಎರಡೂ ತಪ್ಪಲ್ಲ, ನಿಮ್ಮ ಕೈಗೆ ಯಾವುದು ಒಗ್ಗುತ್ತದೆ ಅನ್ನೋದು ಮುಖ್ಯ. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಎಂಬುದು ನಮಗೆ ಬೇಡ. ಹೊಳಲ್ಕೆರೆ ಕಡೆ ಲೋಡು ಲಾರಿಯ ಹಿಂದೆ 50ರಲ್ಲಿ ಸಿಕ್ಕಿಕೊಂಡಾಗ 80ಕ್ಕೆ ಎಷ್ಟು ಬೇಗ ಏರುತ್ತದೆ, ಅದು ಬೇಕು.

ಆಮೇಲೆ ಹೆದ್ದಾರಿ 48. ಭರಮಸಾಗರದವರೆಗಾದರೂ ಹೋಗಿ ಬನ್ನಿ. ನಮ್ಮ ಕಡೆ ಆಷಾಢದ ಗಾಳಿ ಹೇಗೆ ಅಂತ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿದವರಿಗೆ ಹೇಳಬೇಕಿಲ್ಲ. ಉದ್ದನೆಯ ಲಾರಿಯ ಮರೆಯಿಂದ ಮುಂದೆ ಬಂದ ಕೂಡಲೇ ಗಾಳಿ ಪಕ್ಕದಿಂದ ಗುದ್ದುತ್ತದೆ. 90ರಲ್ಲಿ ಹೋಗುವಾಗ ಕಾರು ಲೇನ್ ಬಿಟ್ಟು ಸರಿಯಿತಾ, ಸ್ಟೀರಿಂಗ್ ಸ್ವಲ್ಪ ತಿದ್ದಿದರೆ ಸುಮ್ನೆ ನೇರ ಬಂತಾ? ಈ ಒಂದೇ ಪರೀಕ್ಷೆಯಲ್ಲಿ ನನ್ನ ಪಟ್ಟಿಯಿಂದ ಒಂದು ಕಾರು ಹೋಯಿತು. ಹಿಂದಿರುಗುವಾಗ ಸ್ಟೀರಿಂಗ್ ಮನೆಯವರಿಗೆ ಕೊಟ್ಟು ನಾನೇ ಹಿಂದೆ ಕೂತೆ. ಸರ್ವಿಸ್ ರಸ್ತೆಯ ಹಂಪು ಮುಂದೆ ಕೂತವರಿಗೆ 'ದಡ್' ಅಂದರೆ, ಹಿಂದಿನವರ ಸೊಂಟಕ್ಕೆ ಎರಡು ಸಲ ಬಡಿಯುತ್ತದೆ. ಸಾಧ್ಯವಾದರೆ ರಾತ್ರಿಯೂ ಒಮ್ಮೆ ಓಡಿಸಿ, ಹೆಡ್‌ಲೈಟಿನ ಬೆಳಕು ನೋಡಿ.

ಡಿಕ್ಕಿಗೆ ಲೀಟರ್ ಲೆಕ್ಕ ಹೇಳುತ್ತಾರೆ. ನೀವು ಮನೆಯ ಎರಡು ಸೂಟ್‌ಕೇಸ್ ಒಯ್ದು ಇಟ್ಟು ನೋಡಿ. ನಾನು ದಾವಣಗೆರೆಯಿಂದ ಮಂಡಕ್ಕಿ ಚೀಲ ತರುವವಳು. ತೂಕವೇ ಇಲ್ಲದಿದ್ದರೂ ಜಾಗ ಪೂರ್ತಿ ತಿನ್ನುತ್ತದೆ.

ಈಗ ದುಡ್ಡಿನ ಮಾತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿದೆ. 4 ಮೀಟರ್ ಉದ್ದ ಮೀರದ ಕಾರಿಗೆ, ಪೆಟ್ರೋಲ್ ಆದರೆ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ಒಳಗಿದ್ದರೆ ಶೇ 18. ಅದನ್ನು ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ ಶೇ 40. ಮಿಡ್‌ಸೈಜ್ ಅಂದರೆ ನೀವು ಆ ಗೆರೆ ದಾಟಿದಿರಿ ಅಂತಲೇ. ಹಾಗಾಗಿ ಆ ಹೆಚ್ಚಿನ ದುಡ್ಡಿಗೆ ಹಿಂದಿನ ಸೀಟಿನಲ್ಲಿ ಜಾಗ ನಿಜವಾಗಿ ಸಿಗುತ್ತಿದೆಯಾ ಅಂತ 4 ಮೀಟರ್ ಒಳಗಿನ ಒಂದು ಕಾರಿನ ಪಕ್ಕದಲ್ಲಿಟ್ಟು ನೋಡಿ. ಸನ್‌ರೂಫ್, ದೊಡ್ಡ ಪರದೆಗಾಗಿ ಮೇಲಿನ ವೇರಿಯಂಟಿಗೆ ಏರಬೇಡಿ. ನಮ್ಮ ಏಪ್ರಿಲ್ ಬಿಸಿಲಿಗೆ ಹಿಂದಿನ ಏಸಿ ವೆಂಟು ಅದಕ್ಕಿಂತ ಬೇಕಾದದ್ದು. ಬೆಲೆ ಕೇಳುವಾಗ ಆನ್‌ರೋಡ್ ಲೆಕ್ಕವನ್ನು ಸಾಲುಸಾಲಾಗಿ ಬರೆಸಿಕೊಳ್ಳಿ. ಇನ್ಶೂರೆನ್ಸ್ ಶೋರೂಮಿನಲ್ಲೇ ಮಾಡಿಸಬೇಕು ಅಂತಿಲ್ಲ, ಹೊರಗೆ ವಿಚಾರಿಸಿ.

ಇಂಧನದ ಲೆಕ್ಕ ನಿಮ್ಮ ಓಡಾಟದಿಂದಲೇ ಬರಬೇಕು. ನನಗೆ ದಿನಕ್ಕೆ 120 ಕಿಲೋಮೀಟರ್, 22 ದಿನಕ್ಕೆ 2,640. ಲೀಟರಿಗೆ 15 ಕೊಡುವ ಕಾರಿಗೆ 176 ಲೀಟರ್, 20 ಕೊಡುವುದಕ್ಕೆ 132. ತಿಂಗಳಿಗೆ 44 ಲೀಟರ್ ವ್ಯತ್ಯಾಸ, ಸಣ್ಣದಲ್ಲ. ಇಷ್ಟು ಹೆದ್ದಾರಿ ಓಡಾಟ ಇದ್ದರೆ ಡೀಸೆಲ್ ಯೋಚಿಸಬಹುದು. ಬರೀ ಊರೊಳಗೆ ಮಾರ್ಕೆಟ್ಟು, ಸ್ಕೂಲು ಅಂತ ಓಡಾಡುವವರಿಗೆ ಬೇಡ. ಈಗಿನ ಹೊಗೆ ನಿಯಮದ (ಬಿಎಸ್6) ಡೀಸೆಲ್ ಕಾರಿನಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ, ಅದರಲ್ಲಿ ಮಸಿ ಕೂರುತ್ತದೆ. ಆ ಮಸಿ ಸುಟ್ಟುಹೋಗಲು ಎಂಜಿನ್ ಚೆನ್ನಾಗಿ ಬಿಸಿಯಾಗಿ ಸ್ವಲ್ಪ ದೂರ ಓಡಲೇಬೇಕು.

ಡೆಲಿವರಿಗೆ ಮುಂಚೆ ಹಗಲು ಬೆಳಕಿನಲ್ಲಿ ಕಾರಿನ ಸುತ್ತ ಒಮ್ಮೆ ತಿರುಗಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2325 ಅಂದರೆ 2025ರ 23ನೇ ವಾರ ತಯಾರಾದದ್ದು. ನಾಲ್ಕೂ ಟೈರು, ಜೊತೆಗೆ ಸ್ಟೆಪ್ನಿಯದ್ದೂ ಓದಿಕೊಂಡು, ಆಮೇಲೆ ಸಹಿ ಹಾಕಿ.