ಮದುವೆ ಡಿವಿಡಿ ಕಾಪಿ ಆಗುತ್ತದೆ, ಸಿನಿಮಾದ್ದು ಯಾಕೆ ಆಗುವುದಿಲ್ಲ?

ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಮದುವೆ ಡಿವಿಡಿ ಇಟ್ಟು ಮರೆತವರು ಇದನ್ನು ಓದಿ. ಅದರ ಜೊತೆಗೇ ಒಂದಷ್ಟು ಸಿನಿಮಾ ಡಿಸ್ಕ್‌ಗಳೂ ಬಿದ್ದಿರುತ್ತವೆ, ಅಲ್ವಾ? 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಲು ಶುರು ಮಾಡಿದ ಮೇಲೆ ಸಿನಿಮಾ ಡಿಸ್ಕ್ ಇಲ್ಲದ ಮನೆಯೇ ಅಪರೂಪ ಎನ್ನುವ ಹಾಗಾಗಿತ್ತು. ನೋಡಲು ಎರಡೂ ಒಂದೇ ಥರ. ಆದರೆ ಮದುವೆಯದ್ದು ಕಂಪ್ಯೂಟರಿಗೆ ಸಲೀಸಾಗಿ ಇಳಿಯುತ್ತದೆ, ಸಿನಿಮಾದ್ದು ಬಹಳ ಸಲ ಹಠ ಹಿಡಿಯುತ್ತದೆ.

ಹಠಕ್ಕೆ ಕಾರಣ ಸಿಎಸ್ಎಸ್ ಎಂಬ ಬೀಗ. 1996ರಲ್ಲಿ ಡಿವಿಡಿ ಮಾರುಕಟ್ಟೆಗೆ ಬಂದಾಗಲೇ ಸಿನಿಮಾ ಕಂಪನಿಗಳು ಇದನ್ನು ಹಾಕಿಸಿಕೊಂಡವು. ಡಿಸ್ಕ್‌ನಲ್ಲಿರುವ ವಿಡಿಯೊವನ್ನು ಕಲಸಿ ಇಟ್ಟಿರುತ್ತಾರೆ, ಅದನ್ನು ಬಿಡಿಸುವ ಕೀಲಿಯೂ ಅದೇ ಡಿಸ್ಕ್‌ನ ಒಳ ಅಂಚಿನ ಹತ್ತಿರ, ನಮ್ಮ ಕಣ್ಣಿಗೆ ಬೀಳದ ಜಾಗದಲ್ಲಿರುತ್ತದೆ. ಲೈಸೆನ್ಸ್ ಪಡೆದ ಪ್ಲೇಯರ್ ಮಾತ್ರ ಅದನ್ನು ಕೇಳಿ ಪಡೆಯಬಹುದು. ನೀವು ಫೈಲ್‌ಗಳನ್ನು ಎಳೆದು ಹಾಕಿಕೊಂಡರೆ ಕಾಪಿ ಆದ ಹಾಗೆ ಕಂಡರೂ ಕೀಲಿ ಹಿಂದೆಯೇ ಉಳಿಯುತ್ತದೆ, ಪ್ಲೇ ಮಾಡಿದರೆ ಪರದೆ ತುಂಬಾ ಬಣ್ಣದ ಚೌಕಗಳು. ನನಗೆ ಇದರಲ್ಲಿ ಜಾಸ್ತಿ ಇಷ್ಟವಾದ ಕಿಲಾಡಿತನ ಬೇರೆ ಇದೆ. ಅಂಗಡಿಯಲ್ಲಿ ಸಿಗುವ ಖಾಲಿ ಡಿವಿಡಿಯಲ್ಲಿ ಆ ಕೀಲಿಯ ಜಾಗವನ್ನು ಮೊದಲೇ ಮುಚ್ಚಿಬಿಟ್ಟಿರುತ್ತಾರೆ. ಹಾಗಾಗಿ ಇಡೀ ಡಿಸ್ಕನ್ನು ಚಾಚೂ ತಪ್ಪದೆ ನಕಲು ಮಾಡಿದರೂ ಕೀಲಿ ಮಾತ್ರ ಹೊಸದಕ್ಕೆ ಬರುವುದಿಲ್ಲ.

ಬೀಗ ಗಟ್ಟಿಯಾಗಿತ್ತಾ ಅಂದರೆ, ಇಲ್ಲ. ಕೀಲಿ ಬರೀ 40 ಬಿಟ್‌ನದ್ದು. 1999ರಲ್ಲಿ ನಾರ್ವೆಯ ಯಾನ್ ಲೆಕ್ ಯೋಹಾನ್ಸನ್ ಎಂಬ ಹದಿಹರೆಯದ ಹುಡುಗ, ಜೊತೆಗೆ ಹೆಸರು ಹೇಳದ ಇನ್ನಿಬ್ಬರು, ಇದನ್ನು ಬಿಡಿಸುವ ಪ್ರೋಗ್ರಾಂ ಹೊರಬಿಟ್ಟರು. ಅವನ ಮೇಲೆ ಕೇಸ್ ಆಯಿತು, 2003ರಲ್ಲಿ ಖುಲಾಸೆಯೂ ಆಯಿತು. ಆದರೆ ಅದು ನಾರ್ವೆಯ ಕಥೆ. ನಮ್ಮಲ್ಲಿ 2012ರಲ್ಲಿ ಕಾಪಿರೈಟ್ ಕಾಯ್ದೆಗೆ 65ಎ ಕಲಂ ಸೇರಿದೆ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ 2 ವರ್ಷದವರೆಗೆ ಜೈಲು, ಜೊತೆಗೆ ದಂಡ. ಸಿನಿಮಾ ಡಿಸ್ಕ್ ಬಿಡಿಸುವ ದಾರಿ ಇಲ್ಲಿ ಹೇಳುವುದಿಲ್ಲ.

ಅಮೆರಿಕದ ನೆಂಟರು ತಂದ ಡಿಸ್ಕ್ ಓಡುತ್ತಿಲ್ಲವಾ? ಅದು ಇನ್ನೊಂದು ಬೀಗ, ರೀಜನ್ ಕೋಡ್, ಅಂದರೆ ಡಿಸ್ಕ್ ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡಬೇಕು ಎಂಬ ಗುರುತಿನ ಸಂಖ್ಯೆ. ಅಮೆರಿಕ 1, ಭಾರತ 5. ಕಂಪ್ಯೂಟರ್ ಡ್ರೈವ್‌ನಲ್ಲಿ ಇದನ್ನು 5 ಸಲ ಮಾತ್ರ ಬದಲಾಯಿಸಬಹುದು, ಆಮೇಲೆ ಕೊನೆಯದ್ದೇ ಖಾಯಂ. ಸುಮ್ನೆ ಒತ್ತುತ್ತಾ ಹೋಗಬೇಡಿ.

ಈಗ ಮದುವೆ ಡಿಸ್ಕ್‌ಗೆ ಬನ್ನಿ. ಲ್ಯಾಪ್‌ಟಾಪ್‌ನಲ್ಲಿ ಡ್ರೈವ್ ಇಲ್ಲದಿದ್ದರೆ ಯುಎಸ್‌ಬಿಗೆ ಹಾಕುವ ಡಿವಿಡಿ ಡ್ರೈವ್ ಯಾರಿಂದಲಾದರೂ ಕೇಳಿ ತನ್ನಿ. ಡಿಸ್ಕನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನ ತೂತಿನ ಕಡೆಯಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಒರೆಸಬೇಡಿ. ಹಾಗೆ ಒರೆಸುವಾಗ ಗೀರು ಬಿದ್ದರೆ ಡೇಟಾದ ಸಾಲಿನ ಉದ್ದಕ್ಕೇ ಬೀಳುತ್ತದೆ, ಡ್ರೈವ್‌ಗೆ ಅದನ್ನು ಸುಧಾರಿಸಿಕೊಳ್ಳುವುದು ಕಷ್ಟ.

ಡಿಸ್ಕ್ ತೆರೆದರೆ 'ವಿಡಿಯೊ ಟಿಎಸ್' ಎಂಬ ಫೋಲ್ಡರ್ ಕಾಣುತ್ತದೆ. ಅದನ್ನು ಇಡಿಯಾಗಿ ಕಾಪಿ ಮಾಡಿ, ಒಳಗಿನ ಚಿಕ್ಕಪುಟ್ಟ ಫೈಲ್‌ಗಳನ್ನೂ ಬಿಡಬೇಡಿ, ಯಾವುದರ ಹಿಂದೆ ಯಾವುದು ಎಂಬ ಲೆಕ್ಕ ಅವುಗಳಲ್ಲೇ ಇರುವುದು. ವಿಒಬಿ ಎಂಬ ದೊಡ್ಡ ಫೈಲ್‌ಗಳು ಒಂದೊಂದೂ ಸುಮಾರು 1 ಜಿಬಿಗೆ ತುಂಡಾಗಿರುತ್ತವೆ. ಹಾಗಾಗಿ ಮಾಂಗಲ್ಯಧಾರಣೆ ಒಂದರಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುವುದೂ ಉಂಟು.

ಆಮೇಲೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಆ ಫೋಲ್ಡರನ್ನು ತೋರಿಸಿ. ಹಲವು ಟೈಟಲ್ ತೋರಿಸಿದರೆ ಸಾಮಾನ್ಯವಾಗಿ ಎಲ್ಲಕ್ಕಿಂತ ಉದ್ದದ್ದೇ ನಿಮಗೆ ಬೇಕಾದದ್ದು. ಎಂಪಿ4 ಆರಿಸಿ, ಗುಣಮಟ್ಟದ ಗುಂಡಿಯನ್ನು 18ರಿಂದ 20ರ ಒಳಗೆ ಇಡಿ. ಇಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ಚಿತ್ರ ಚೆನ್ನ. ಜನ ಓಡಾಡುವಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ಡಿಇಂಟರ್‌ಲೇಸ್ ಆನ್ ಮಾಡಿ. ಅಳತೆ ಮಾತ್ರ ಹಿಗ್ಗಿಸಬೇಡಿ. ನಮ್ಮ ಕಡೆಯ ಡಿವಿಡಿ 720ಕ್ಕೆ 576 ಚುಕ್ಕೆ ಅಷ್ಟೇ, ಎಳೆದರೆ ಫೈಲ್ ದಪ್ಪ ಆಗುತ್ತದೆಯೇ ಹೊರತು ಅತ್ತೆಯ ಮುಖ ಸ್ಪಷ್ಟ ಆಗುವುದಿಲ್ಲ.

ವಿಸಿಡಿ ಆದರೆ ಇನ್ನೂ ಸುಲಭ. 'ಎಂಪಿಇಜಿಎವಿ' ಫೋಲ್ಡರ್‌ನ ಡ್ಯಾಟ್ ಫೈಲ್ ಕಾಪಿ ಮಾಡಿ, ವಿಎಲ್‌ಸಿ ಎಂಬ ಉಚಿತ ಪ್ಲೇಯರ್‌ನಲ್ಲಿ ತೆರೆಯಿರಿ. ಅದಕ್ಕೆ ಬೀಗವೇ ಇಲ್ಲ.

ಮಧ್ಯದಲ್ಲಿ ಕಾಪಿ ನಿಂತರೆ ಗಾಬರಿ ಬೇಡ. ನಮ್ಮ ಅಕ್ಕನ ಮದುವೆ ಡಿಸ್ಕ್ ಸರಿಯಾಗಿ ಧಾರೆಯ ಹೊತ್ತಿಗೆ ನಿಂತಿತ್ತು, ಮಕ್ಕಳು ಅದನ್ನು ಬುಗುರಿ ಮಾಡಿ ಆಡಿಸಿದ್ದರು. ನನ್ನ ಡ್ರೈವ್ ಎಷ್ಟು ಸಲ ಗುರುಗುಟ್ಟಿದರೂ ಓದಲಿಲ್ಲ, ಭಾವನ ಹಳೇ ಡೆಸ್ಕ್‌ಟಾಪ್‌ನದ್ದು ಓದಿತು. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದು ಮಾಮೂಲು. ಅದೂ ಆಗದಿದ್ದರೆ ಲಿನಕ್ಸ್ ಗೊತ್ತಿರುವವರನ್ನು ಹಿಡಿದು ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಓಡಿಸಿ. ಅದು ಚೆನ್ನಾಗಿರುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಭಾಗಕ್ಕೆ ಆಮೇಲೆ ಮತ್ತೆ ಮತ್ತೆ ಕೈ ಹಾಕುತ್ತದೆ. ಹ್ಯಾಂಡಿಕ್ಯಾಮ್‌ನ ಪುಟ್ಟ ಡಿಸ್ಕ್ ಖಾಲಿ ಎಂದು ತೋರಿಸಿದರೆ ಅದನ್ನು ಫೈನಲೈಸ್ ಮಾಡಿರುವುದಿಲ್ಲ, ಅಂದರೆ ಬೇರೆ ಯಂತ್ರಗಳೂ ಓದುವ ಹಾಗೆ ಬರವಣಿಗೆ ಮುಗಿಸಿರುವುದಿಲ್ಲ, ಅದೇ ಕ್ಯಾಮೆರಾ ಸಿಕ್ಕರೆ ಅದರಲ್ಲೇ ಮಾಡಿಸಿ.

ಎಲ್ಲ ಮುಗಿದ ಮೇಲೆ ಎಂಪಿ4 ತೆರೆದು ಕೊನೆಯ 5 ನಿಮಿಷ ನೋಡಿ. ಡಿಸ್ಕ್‌ನಲ್ಲಿ ಡೇಟಾ ಒಳಗಿನಿಂದ ಹೊರಕ್ಕೆ ಬರೆದಿರುತ್ತದೆ, ನಾವು ಬೆರಳು ತಾಗಿಸುವುದು ಹೊರ ಅಂಚಿಗೆ. ಹಾಗಾಗಿ ಡಿಸ್ಕ್ ಭರ್ತಿ ತುಂಬಿದ್ದರೆ ಹಾಳಾಗಿರುವ ಸಾಧ್ಯತೆ ಜಾಸ್ತಿ ಇರುವುದು ಬೀಗರೂಟಕ್ಕೆ.