ಡಿಜಿಟಲ್ ಕಾಟಾ ಬಿಟ್ಟು ತಕ್ಕಡಿ ಹಿಡಿದ ಮೇಲೆ: ನನ್ನ ಅನುಭವ

ಮುಂಬೈ ಹತ್ರದ ಡೊಂಬಿವಲಿಯಲ್ಲಿ ನಾನು ನಡೆಸೋ ಸಾರಿನಪುಡಿ, ಚಟ್ನಿಪುಡಿ ಪ್ಯಾಕಿಂಗ್ ಯೂನಿಟ್‌ನಲ್ಲಿ ಐದು ಜನ ಇದಾರೆ, ಎಲ್ಲರೂ 22ರಿಂದ 35ರ ಒಳಗಿನೋರು, ಬೌದ್ಧಿಕ ಅಂಗವೈಕಲ್ಯ ಇರೋರು. ದಯವಿಟ್ಟು ಇವರನ್ನ ಮಕ್ಕಳು ಅನ್ಬೇಡಿ. ಇವರ ಕೈಲಿ ತೂಕ ಮಾಡ್ಸೋದು ಆಗದ ಮಾತು, ಲೇಬಲ್ ಅಂಟಿಸ್ಲಿ ಸಾಕು ಅಂತ ನನ್ನ ಜೊತೆ ಟ್ರೇನಿಂಗ್ ಮಾಡಿದೋರೇ ಹೇಳಿದ್ರು. ಈಗ ತೂಕ ಅವರೇ ಮಾಡ್ತಾರೆ, ನಾನು ಹತ್ತಕ್ಕೊಂದು ಪ್ಯಾಕೆಟ್ ಚೆಕ್ ಮಾಡ್ತೀನಿ ಅಷ್ಟೆ.

ಮೊದಲ ಎಂಟು ತಿಂಗಳು ಡಿಜಿಟಲ್ ಕಾಟಾದಲ್ಲೇ ಹಾಳಾಯ್ತು. 100 ಬಂದಾಗ ನಿಲ್ಸಿ ಅಂದ್ರೆ ಅಂಕಿ 98, 103, 99 ಅಂತ ಕುಣೀತಾನೇ ಇರುತ್ತೆ, ಇವರು ಚಿಟಿಕೆ ಹಾಕೋದು ತೆಗೆಯೋದು, ಒಂದು ಪ್ಯಾಕೆಟ್ಟಿಗೆ ಹತ್ತು ನಿಮಿಷ, ಒಬ್ಬಳಂತೂ ಅಳ್ತಾ ಕೂತುಬಿಟ್ಳು. ಬಣ್ಣದ ಚಾರ್ಟ್ ಮಾಡಿದ್ದೂ ಉಪಯೋಗಕ್ಕೆ ಬರ್ಲಿಲ್ಲ. ಚೆಲ್ಲಿದ್ದು, ಮಳೆಗಾಲದಲ್ಲಿ ತೇವ ಹಿಡಿದಿದ್ದು ಸೇರಿ ನಾಲ್ಕೈದು ಸಾವಿರದ ಪುಡಿ ಹೋಯ್ತು.

ಆಮೇಲೆ ಎರಡು ತಟ್ಟೆಯ ತಕ್ಕಡಿ ತಂದೆ, ಹೆಚ್ಚುಕಮ್ಮಿ 1,400 ರೂಪಾಯಿ. ಒಂದು ತಟ್ಟೆಗೆ 100 ಗ್ರಾಂ ಕಲ್ಲು, ಜೊತೆಗೆ ಒಂದು ಖಾಲಿ ಪೌಚ್. ಇನ್ನೊಂದಕ್ಕೆ ತುಂಬೋ ಪೌಚ್. ಮುಳ್ಳು ನಡುವೆ ನಿಂತ್ರೆ ಸಮ. ಓದೋದು ಬೇಡ, ಎಣಿಸೋದು ಬೇಡ. ಕೊನೆಯಿಂದ ಹಿಂದಕ್ಕೆ ಕಲಿಸ್ದೆ, ಅಂದ್ರೆ ನಾನು ತುಂಬಿ ಕೊಡೋದು, ಕೊನೇ ಚಮಚ ಮಾತ್ರ ಅವರದ್ದು, ಆಮೇಲೆ ಎರಡು, ಹೀಗೆ. ಮೂರು ವಾರದಲ್ಲಿ ಮೂವರು ಹಿಡಿದ್ರು! ಸ್ಪೀಡ್ ಬಂದಿದ್ದು ಚಮಚದಲ್ಲಿ ಮಾಡಿದ ಒಂದು ಉಪಾಯದಿಂದ, ಅದನ್ನ ಬರೆಯಲ್ಲ, ಯೂನಿಟ್‌ಗೆ ಬಂದೋರಿಗೆ ತೋರಿಸ್ತೀನಿ.

ಇನ್ನೊಂದು, ನಾನು ಕನ್ನಡದಲ್ಲೇ ಕಲಿಸ್ದೆ. ಅಳ್ತಾ ಕೂತಿದ್ದಳ ತಾಯಿಗೆ ಹಿಂದಿನ ಶಾಲೇಲಿ ಮನೇಲಿ ಕನ್ನಡ ಬಿಡಿ, ಒಂದೇ ಭಾಷೆ ಸಾಕು ಅಂದಿದ್ರಂತೆ, ಆಯಮ್ಮ ವರ್ಷಗಟ್ಟಲೆ ಮಗಳ ಹತ್ರ ತನಗೆ ಸರಿಯಾಗಿ ಬಾರದ ಭಾಷೇಲಿ ಮಾತಾಡಿದಾರೆ. ನೆನೆಸ್ಕೊಂಡ್ರೆ ಈಗಲೂ ಸಿಟ್ಟು ಬರುತ್ತೆ. "ಸಮ", "ಸಾಕು", ಈ ಎರಡು ಮಾತಿನಲ್ಲೇ ಅವಳು ಕೆಲಸ ಕಲಿತಳು.

ಮಧ್ಯೆ ಲೋಕಲ್ ಟ್ರೇನಲ್ಲಿ ಒಬ್ಬರೇ ಮನೆಗೆ ಹೋಗೋದನ್ನ ಕಲಿಸೋ ಪ್ರಯೋಗಾನೂ ಮಾಡ್ದೆ. ಠಾಕುರ್ಲಿಯ ಹುಡುಗನಿಗೆ "ಮುಂದಿನ ಸ್ಟೇಷನ್ ನಿಂದು" ಅಂತ ಕಲಿಸಿದ್ದೆ, ಒಂದಿನ ಫಾಸ್ಟ್ ಹತ್ತಿದ, ಅದು ಠಾಕುರ್ಲಿಯಲ್ಲಿ ನಿಲ್ಲಲ್ಲ, ಸೀದಾ ಕಲ್ಯಾಣ್. ಈಗ ಅವನಿಗೆ ಎಲ್ಲಾ ಸ್ಟೇಷನ್ನಲ್ಲೂ ನಿಲ್ಲೋ ಸ್ಲೋ ಟ್ರೇನಿನ ಪ್ಲಾಟ್‌ಫಾರ್ಮ್ ಒಂದೇ ಗೊತ್ತು, ಬೇರೆ ಕಡೆ ಕಾಲಿಡಲ್ಲ.

ದುಡ್ಡಿನ ವಿಷಯ: ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ರಿಜಿಸ್ಟ್ರೇಷನ್ ವರ್ಷಕ್ಕೆ 100 ರೂಪಾಯಿ, ಸೀಲಿಂಗ್ ಮಷಿನ್ ಸುಮಾರು 2,000. ತಿಂಗಳಿಗೆ 20 ಸಾವಿರದ ಹತ್ರ ಮಾರಾಟ, ಒಬ್ಬೊಬ್ಬರಿಗೆ 1,800ರಷ್ಟು ಸಿಗುತ್ತೆ, ವಾರವಾರ ಅವರ ಕೈಗೇ ನೋಟು ಕೊಡ್ತೀನಿ. ಬಾಡಿಗೆ ಇನ್ನೂ ನನ್ನ ಜೇಬಿಂದಾನೇ. ಸೀಲಿಂಗ್ ಮಾಡ್ವಾಗ ಒಬ್ಬನ ಬೆರಳು ಸುಟ್ಟು ಬಿಲ್ ನಾನೇ ಕಟ್ಟಿದ ಮೇಲೆ ಐವರಿಗೂ ನಿರಾಮಯ, ಅಂದ್ರೆ ಇಂಥ ಅಂಗವೈಕಲ್ಯ ಇರೋರಿಗಿರೋ ಸರ್ಕಾರಿ ಆರೋಗ್ಯ ವಿಮೆ, ಮಾಡಿಸ್ದೆ, ವರ್ಷಕ್ಕೆ 1 ಲಕ್ಷದ ತನಕ ಇದೆ.

ಹೋದ ತಿಂಗಳು 200 ಗ್ರಾಂ ಕಲ್ಲೂ ತಂದೆ, ಎರಡು ಕಲ್ಲು ಒಟ್ಟಿಗಿಟ್ಟ ಎರಡು ದಿನ ಪೂರ್ತಿ ಗಲಿಬಿಲಿ. ಈಗ ಸೋಮವಾರದಿಂದ ಬುಧವಾರ 100, ಗುರುವಾರ ಶುಕ್ರವಾರ 200, ಆ ದಿನ ಬೇಡದ ಕಲ್ಲು ನನ್ನ ಬ್ಯಾಗಲ್ಲಿರುತ್ತೆ.