ಹಾಲು ಕುಡಿಯೋ ಕೂಸಿನ ಜೊತೆ ಉಮ್ರಾ: ಹುಬ್ಬಳ್ಳಿ ಕಡೆಯಿಂದ ಹೊರಡುವವರಿಗೆ

ಕೈಗೂಸು ಇಟ್ಟುಕೊಂಡು ಉಮ್ರಾಗೆ, ಅಂದರೆ ಹಜ್ ಅಲ್ಲದೆ ಮಾಡುವ ಸಣ್ಣ ಮಕ್ಕಾ ಯಾತ್ರೆಗೆ, ಹೋಗಬಹುದಾ? ಹೋಗಬಹುದು. ದಾದಿ, ನಾನಿ ಅಂತ ಅಜ್ಜಿಯರೆಲ್ಲಾ "ಇಷ್ಟು ಸಣ್ಣ ಕೂಸು, ಮುಂದೆ ನೋಡಿದರಾಯ್ತು" ಅನ್ನುತ್ತಾರೆ, ಅವರ ಕಾಳಜಿ ಸರಿಯೇ. ಆದರೆ ಒಬ್ಬ ತಾಯಿ ತನ್ನ ಮಗುವನ್ನು ಎತ್ತಿ ಹಿಡಿದು ಇದಕ್ಕೂ ಹಜ್ ಆಗುತ್ತದಾ ಅಂತ ಕೇಳಿದಾಗ, ಆಗುತ್ತದೆ, ನಿನಗೂ ಸವಾಬ್ (ಪುಣ್ಯ) ಸಿಗುತ್ತದೆ ಅಂತ ಪ್ರವಾದಿಯವರೇ ಹೇಳಿದ ಹದೀಸ್ ಇದೆ. ಕೂಸು ಕರೆದುಕೊಂಡು ಹೋಗುವುದು ಹೊಸದೇನಲ್ಲ.

ಒಂದು ಮಾತು ಮಾತ್ರ ಮೊದಲೇ ಗಟ್ಟಿ ಮಾಡಿಕೊಳ್ಳಿ. ಗ್ರೂಪಿನ ಟೈಮಿಗೆ ಓಡಬೇಡಿ, ಕೂಸಿನ ಟೈಮಿಗೆ ಉಮ್ರಾ ಮಾಡಿ. ಉಮ್ರಾದಲ್ಲಿ ಇಂಥ ಹೊತ್ತಿಗೇ ಆಗಬೇಕು ಅನ್ನುವಂಥದ್ದು ಬಹಳ ಕಡಿಮೆ. ಮೀಕಾತ್ (ಮಕ್ಕಾ ದಾರಿಯಲ್ಲಿ ಗೊತ್ತು ಮಾಡಿದ ಗಡಿ) ದಾಟುವ ಮೊದಲು ಇಹ್ರಾಮ್‌ನಲ್ಲಿ (ಉಮ್ರಾದ ನಿಯಮ ಹಿಡಿದ ಸ್ಥಿತಿ, ಗಂಡಸರಿಗೆ ಹೊಲಿಗೆ ಇಲ್ಲದ ಬಟ್ಟೆ) ಇರಬೇಕು, ಅದು ತಪ್ಪಬಾರದು. ಆಮೇಲೆ ತವಾಫ್ (ಕಾಬಾಕ್ಕೆ ಏಳು ಸುತ್ತು) ಇಳಿದ ರಾತ್ರಿಯೇ ಆಗಬೇಕು ಅಂತೇನಿಲ್ಲ, ನಿದ್ದೆ ಮಾಡಿ, ಕೂಸಿಗೆ ಹೊಟ್ಟೆ ತುಂಬಿಸಿ, ಮರುದಿನ ಹೋದರೂ ಉಮ್ರಾ ಉಮ್ರಾನೇ. ಅಲ್ಲಿವರೆಗೂ ಇಹ್ರಾಮ್‌ನ ನಿಯಮ ಪಾಲಿಸಬೇಕು, ಅಷ್ಟೆ.

ಯಾವಾಗ ಹೋಗಬೇಕು? ರಂಜಾನ್ ಬೇಡ. ಪುಣ್ಯ ಜಾಸ್ತಿ ನಿಜ, ಆದರೆ ಆ ಗದ್ದಲದಲ್ಲಿ ಕೂಸು ಹಿಡಿದು ನಿಲ್ಲೋಕೂ ಜಾಗ ಇರಲ್ಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಕ್ಕಾದಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ನಮ್ಮ ಗದಗಿನ ಏಪ್ರಿಲ್ ಬಿಸಿಲು ಅದರ ಮುಂದೆ ಏನೂ ಅಲ್ಲ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು, ಆದರೆ ರಂಜಾನ್ ಯಾವಾಗ ಬರುತ್ತದೆ ನೋಡಿಕೊಂಡು ದಿನ ಆರಿಸಿ. ಇನ್ನು ತಾಯಂದಿರ ವಿಷಯ. ಯಾರೂ ಬಾಯಿಬಿಟ್ಟು ಹೇಳದ ಕಾರಣ ನಾನೇ ಹೇಳುತ್ತೇನೆ. ಹೆರಿಗೆಯಾದ ಮೇಲಿನ ನಿಫಾಸ್ (ರಕ್ತಸ್ರಾವ) ಮುಗಿಯುವವರೆಗೆ, ಹನಫಿ ಪಂಥದವರಲ್ಲಿ ಅದು ಹೆಚ್ಚೆಂದರೆ 40 ದಿನ, ತವಾಫ್ ಮಾಡುವ ಹಾಗಿಲ್ಲ. ಅದು ಕಳೆದ ಮೇಲೂ ಹಾಲುಣಿಸುವ ತಾಯಿಗೆ ಮುಟ್ಟು ಯಾವಾಗ ಬರುತ್ತದೋ ಗೊತ್ತಾಗಲ್ಲ. ಇಹ್ರಾಮ್‌ನಲ್ಲಿದ್ದಾಗ ಮುಟ್ಟಾದರೆ ಇಹ್ರಾಮ್‌ನಲ್ಲೇ ಕಾದು, ಶುದ್ಧವಾದ ಮೇಲೆ ತವಾಫ್ ಮಾಡಬೇಕು. ಹಾಗಾಗಿ ಮಕ್ಕಾದಲ್ಲಿ ಮೂರೇ ದಿನ ಇರುವ ಪ್ಯಾಕೇಜ್ ತಗೋಬೇಡಿ. ಒಂದು ವಾರಕ್ಕಿಂತ ಜಾಸ್ತಿ ಇದ್ದರೆ ಮನಸ್ಸು ನಿರಾಳ.

ಕಾಗದಪತ್ರ ಮೊದಲು ಶುರು ಮಾಡಿ. ಎಷ್ಟೇ ಸಣ್ಣ ಕೂಸಾದರೂ ಅದಕ್ಕೆ ಬೇರೆ ಪಾಸ್‌ಪೋರ್ಟ್, ಬೇರೆ ವೀಸಾ ಬೇಕು. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರು ಬಂದಿದೆಯಾ ನೋಡಿ, ಎಷ್ಟೋ ಜನರದ್ದು ಹೆಸರಿನ ಜಾಗ ಖಾಲಿ ಇರುತ್ತದೆ. ಅಪ್ಪ ಅಮ್ಮನ ಹೆಸರಿನ ಸ್ಪೆಲ್ಲಿಂಗ್ ಅವರ ಪಾಸ್‌ಪೋರ್ಟಿನ ಹಾಗೇ ಇರಲಿ. 2023ರ ಅಕ್ಟೋಬರ್ 1 ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನಾಂಕದ ದಾಖಲೆಯಾಗಿ ಜನನ ಪ್ರಮಾಣಪತ್ರ ಒಂದೇ ನಡೆಯುತ್ತದೆ. ಪಾಸ್‌ಪೋರ್ಟ್ ಸೇವಾ ಕೇಂದ್ರ ಹುಬ್ಬಳ್ಳಿಯಲ್ಲೇ ಇದೆ, ಬೆಂಗಳೂರಿಗೆ ಓಡಾಡುವ ಕೆಲಸ ಇಲ್ಲ. ಅಪ್ಪ ಅಮ್ಮ ಇಬ್ಬರೂ ಸಹಿ ಮಾಡಿದ ಘೋಷಣೆ ಬೇಕು. ನಾಲ್ಕು ವರ್ಷದೊಳಗಿನ ಮಕ್ಕಳ ಫೋಟೋ ನೀವೇ ಒಯ್ಯಬೇಕು, ಬಿಳಿ ಹಿನ್ನೆಲೆ ಇರಲಿ. ಸ್ಟುಡಿಯೋದಲ್ಲಿ ಬೆನ್ನ ಹಿಂದೆ ಬಿಳಿ ಬಟ್ಟೆ ಹಾಸಿ ಕೂಸನ್ನು ಮಲಗಿಸಿ ತೆಗೆಸಿದರೆ ಬೇಗ ಮುಗಿಯುತ್ತದೆ.

ಮಕ್ಕಳ ಡಾಕ್ಟರ ಹತ್ತಿರ ಹೊರಡುವ ಒಂದು ತಿಂಗಳ ಮುಂಚೆ ಹೋಗಿ. ಆ ವಯಸ್ಸಿಗೆ ಆಗಬೇಕಾದ ಲಸಿಕೆ ಎಲ್ಲಾ ಆಗಿರಲಿ, ಒಂಬತ್ತು ತಿಂಗಳಿಗೆ ಕೊಡುವ ದಡಾರದ್ದು ಮುಖ್ಯ. ಒಂದು ವರ್ಷ ತುಂಬಿದವರಿಗೆಲ್ಲ ಮೆನಿಂಜೈಟಿಸ್ ಲಸಿಕೆ ಸೌದಿಯವರ ನಿಯಮ. ಅಲ್ಲಿ ಕಾಲಿಡುವ ಕನಿಷ್ಠ 10 ದಿನ ಮುಂಚೆ ಹಾಕಿಸಿರಬೇಕು. ಜ್ವರದ ಡ್ರಾಪ್ಸ್ ಕೂಸಿನ ತೂಕಕ್ಕೆ ಎಷ್ಟು ಅಂತ ಚೀಟಿಯಲ್ಲೇ ಬರೆಸಿಕೊಳ್ಳಿ, ಓಆರ್‌ಎಸ್, ಥರ್ಮಾಮೀಟರ್ ಇಟ್ಟುಕೊಳ್ಳಿ. ಔಷಧಿಗಳ ಚೀಟಿ ಜೊತೆಗೇ ಇರಲಿ.

ಟೂರ್‌ನವರು "ಹರಂ ಪಕ್ಕದಲ್ಲೇ ಹೋಟೆಲ್" ಅನ್ನುತ್ತಾರೆ. ಹರಂ ಅಂದರೆ ಕಾಬಾ ಇರುವ ದೊಡ್ಡ ಮಸೀದಿ. ಹೋಟೆಲ್ ಹೆಸರು ಕೇಳಿ ಮ್ಯಾಪಿನಲ್ಲಿ ನೀವೇ ನೋಡಿ. ಮಕ್ಕಾ ಗುಡ್ಡಗಳ ಊರು, 500 ಮೀಟರ್ ಅಂದರೂ ಏರು ಇದ್ದರೆ ಕೂಸು ಎತ್ತಿಕೊಂಡು ದಿನಕ್ಕೆ ಎರಡು ಸಲ ಹತ್ತುವುದು ಕಷ್ಟ. ರೂಮಿನಲ್ಲಿ ಕೆಟಲ್, ಫ್ರಿಜ್ ಇದೆಯಾ, ರೂಮು ನಿಮ್ಮ ಕುಟುಂಬಕ್ಕೆ ಮಾತ್ರವಾ ಅಥವಾ ಗಂಡಸರಿಗೆ ಬೇರೆ ಹೆಂಗಸರಿಗೆ ಬೇರೆ ಮಾಡುತ್ತಾರಾ ಅಂತ ಮೊದಲೇ ಕೇಳಿ. ಗಂಡ ಒಂದು ಮಹಡಿ, ನೀವು ಒಂದು ಮಹಡಿ ಆದರೆ ರಾತ್ರಿ ಕೂಸು ಅತ್ತಾಗ ಯಾರೂ ಕೈಗೆ ಸಿಗಲ್ಲ. ನಾಲ್ಕು ದುಡ್ಡು ಹೆಚ್ಚಾದರೂ ಬೇರೆ ರೂಮು ತಗೊಳ್ಳಿ, ಬೇರೆ ಎಲ್ಲಾದರೂ ಉಳಿಸಿ.

ಈಗ ಬ್ಯಾಗ್. ಇಲ್ಲಿ ಎಚ್ಚರದಿಂದ ಓದಿ. ಗಸಗಸೆ ಸೌದಿಯಲ್ಲಿ ನಿಷಿದ್ಧ, ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತದೆ. ನಮ್ಮ ಕಡೆ ಬಾಣಂತಿಗೆ ಅಂತ ಮಾಡುವ ಅಂಟಿನ ಉಂಡೆ, ಅಂಗಡಿಯ ಕರದಂಟು, ಮನೆಯ ಮಸಾಲೆ ಪುಡಿ, ಎಷ್ಟೋ ಮನೆಗಳಲ್ಲಿ ಇದಕ್ಕೆಲ್ಲ ಗಸಗಸೆ ಬೀಳುತ್ತದೆ. ತವರಿನವರು ಪ್ರೀತಿಯಿಂದ ಡಬ್ಬಿ ತುಂಬಿ ಕೊಟ್ಟರೂ ಒಯ್ಯಬೇಡಿ. ಗಸಗಸೆ ಇಲ್ಲದೆ ಬೇರೆಯಾಗಿ ಮಾಡಿಸಿಕೊಂಡರೆ ಸರಿ. ಕೂಸಿಗೆ ಆರು ತಿಂಗಳು ದಾಟಿದ್ದರೆ ರಾಗಿ ಹಿಟ್ಟು, ಹುರಿದ ಅಕ್ಕಿ-ಹೆಸರುಬೇಳೆ ಪುಡಿ ಮಾಡಿ ಒಯ್ದರೆ ಕೆಟಲ್ ನೀರಿನಲ್ಲೇ ಗಂಜಿ ಆಗುತ್ತದೆ. ಪುಡಿ ಸಣ್ಣಗಿರಲಿ, ಚೆನ್ನಾಗಿ ಹುರಿದಿರಲಿ. ಆದರೆ ಈ ಊಟ ಅಲ್ಲಿಯೇ ಮೊದಲ ಸಲ ಕೊಡಬೇಡಿ, ಇಲ್ಲೇ ರೂಢಿ ಮಾಡಿ.

ಇಹ್ರಾಮ್‌ನಲ್ಲಿ ಪರಿಮಳ ಹಚ್ಚುವಂತಿಲ್ಲ, ಇದು ಎಲ್ಲರಿಗೂ ಗೊತ್ತು. ಆದರೆ ಬೇಬಿ ವೈಪ್ಸ್, ಪೌಡರ್, ಲೋಷನ್, ಸೋಪು ಎಲ್ಲಾ ಘಮಘಮ ಅನ್ನುತ್ತವೆ ಅಲ್ವಾ, ಅದು ನಿಮ್ಮ ಕೈಗೂ ಹತ್ತುತ್ತದೆ. ಸುವಾಸನೆ ಇಲ್ಲದ ವೈಪ್ಸ್ ತಗೊಳ್ಳಿ, ಡೈಪರ್ ಕ್ರೀಮ್ ಕೂಡ ಹಾಗೇ. ಹತ್ತಿ ಬಟ್ಟೆ ಒದ್ದೆ ಮಾಡಿ ಒರೆಸಿದರೂ ಸಾಕು, ದುರ್ಗದ ಬೈಲಿನ ಕಡೆ ಮೆತ್ತನೆ ಹತ್ತಿ ಬಟ್ಟೆ ಬೇಕಾದಷ್ಟು ಸಿಗುತ್ತದೆ. ಕಾಬಾದ ಗೋಡೆ, ಅದಕ್ಕೆ ಹೊದಿಸಿದ ಗಿಲಾಫ್ ಬಟ್ಟೆಗೂ ಅತ್ತರ್ ಹಚ್ಚಿರುತ್ತಾರೆ, ಇಹ್ರಾಮ್‌ನಲ್ಲಿದ್ದಾಗ ಮುಟ್ಟಬೇಡಿ. ಗಂಡಸರಿಗೆ ಇನ್ನೊಂದು ಜೊತೆ ಇಹ್ರಾಮ್ ಬಟ್ಟೆ ಇರಲೇಬೇಕು, ಕೂಸು ಉಚ್ಚೆ ಹೊಯ್ದರೆ ಬದಲಾಯಿಸಬಹುದು, ಅದರಿಂದ ಇಹ್ರಾಮ್ ಹೋಗಲ್ಲ. ಹನಫಿಗಳಲ್ಲಿ ಡೈಪರ್ ಬದಲಿಸಿದರೆ, ಹಾಲು ಕುಡಿಸಿದರೆ ವುಜೂ (ನಮಾಜಿಗೆ ಮುಂಚೆ ಕೈ ಕಾಲು ಮುಖ ತೊಳೆದ ಶುದ್ಧಿ) ಕೂಡ ಹೋಗಲ್ಲ, ಕೊಳೆ ಹತ್ತಿದ ಕೈ ತೊಳೆದರೆ ಆಯ್ತು.

ಕೂಸು ಜೋಳಿಗೆಯಲ್ಲೇ ಮಲಗುವುದಾ? ಹೋಟೆಲ್ಲಿನಲ್ಲಿ ಜೋಳಿಗೆ ಕಟ್ಟೋಕೆ ಕೊಂಡಿ ಎಲ್ಲಿ ಸಿಗುತ್ತದೆ? ಒಂದು ತಿಂಗಳ ಮುಂಚೆಯೇ ಹಾಸಿಗೆ ಮೇಲೆ ಮಲಗಿಸಿ ರೂಢಿ ಮಾಡಿ. ಎದೆಗೆ ಕಟ್ಟಿಕೊಳ್ಳುವ ಬೇಬಿ ಕ್ಯಾರಿಯರ್ ಕೂಡ ಇಲ್ಲಿಂದಲೇ ರೂಢಿಯಾಗಲಿ, ಸಂಜೆ ಉಣಕಲ್ ಕೆರೆ ಸುತ್ತ ಕೂಸು ಕಟ್ಟಿಕೊಂಡು ನಡೆದು ನೋಡಿ. ಸಈ (ಸಫಾ, ಮರ್ವಾ ಗುಡ್ಡಗಳ ನಡುವೆ ಏಳು ಸಲ ನಡೆಯುವುದು) ಒಂದಕ್ಕೇ ಮೂರು ಕಿಲೋಮೀಟರ್‌ಗಿಂತ ಜಾಸ್ತಿ ಆಗುತ್ತದೆ. ಗಂಡಸರು ಇಹ್ರಾಮ್ ಮೇಲೆ ಹೊಲಿದ ಕ್ಯಾರಿಯರ್ ಕಟ್ಟಬಹುದಾ ಅಂತ ನಿಮ್ಮ ಮೌಲಾನಾ ಅವರನ್ನು ಮೊದಲೇ ಕೇಳಿಬಿಡಿ.

ಹುಬ್ಬಳ್ಳಿಯಿಂದ ಜೆಡ್ಡಾಕ್ಕೆ ನೇರ ವಿಮಾನ ಇಲ್ಲ, ಬೆಂಗಳೂರು ಅಥವಾ ಮುಂಬೈ ಮುಟ್ಟಬೇಕು. ಬೆಂಗಳೂರಾದರೆ ರಾತ್ರಿ ರೈಲಿನಲ್ಲಿ ಕೆಳಗಿನ ಬರ್ತ್ ಹಿಡಿದು ಹೋಗಿ, ಬಸ್ಸಿಗಿಂತ ಕೂಸಿಗೆ ಹಿತ. ಇಳಿದ ದಿನವೇ ವಿಮಾನ ಹತ್ತಬೇಡಿ, ಮಧ್ಯೆ ಒಂದು ರಾತ್ರಿ ಬಿಡಿ. ವಿಮಾನದಲ್ಲಿ ಮುಂದಿನ ಗೋಡೆಯ ಸೀಟು ಮತ್ತು ತೊಟ್ಟಿಲು ಟಿಕೆಟ್ ಮಾಡುವಾಗಲೇ ಕೇಳಿ. ಏರುವಾಗ, ಇಳಿಯುವಾಗ ಹಾಲು ಕುಡಿಸುತ್ತಿದ್ದರೆ ಕಿವಿ ನೋವು ಕಡಿಮೆ ಆಗುತ್ತದೆ. ನೇರ ಜೆಡ್ಡಾಕ್ಕೆ ಹೋಗುವವರು ವಿಮಾನದಲ್ಲೇ ಮೀಕಾತ್ ದಾಟುತ್ತಾರೆ, ಅದಕ್ಕೆ ಬಟ್ಟೆ ಮೊದಲೇ ಹಾಕಿಕೊಂಡು, ಘೋಷಣೆ ಆದಾಗ ನಿಯತ್ (ಉಮ್ರಾದ ಸಂಕಲ್ಪ) ಮಾಡಿ. ಮೊದಲು ಮದೀನಾಕ್ಕೆ ಹೋಗುವ ಪ್ಯಾಕೇಜ್ ಸಿಕ್ಕರೆ ಅದನ್ನೇ ತಗೊಳ್ಳಿ ಅನ್ನುತ್ತೇನೆ. ಅಲ್ಲಿ ನಾಲ್ಕು ದಿನ ಕೂಸು ಹೊಂದಿಕೊಂಡ ಮೇಲೆ ಮದೀನಾ ಕಡೆಯ ಮೀಕಾತ್ ಜುಲ್ ಹುಲೈಫಾದಲ್ಲಿ ಇಹ್ರಾಮ್ ಕಟ್ಟಿ ಮಕ್ಕಾಕ್ಕೆ ಬರಬಹುದು. ಮದೀನಾ ಮಕ್ಕಾ ನಡುವೆ ಸುಮಾರು 450 ಕಿಲೋಮೀಟರ್, ಹುಬ್ಬಳ್ಳಿಯಿಂದ ಬೆಂಗಳೂರಿಗಿಂತ ಸ್ವಲ್ಪ ಜಾಸ್ತಿ. ಬಸ್ಸಿಗೆ ಐದಾರು ತಾಸು ಬೇಕು, ಹರಮೈನ್ ರೈಲು ಎರಡೂವರೆ ತಾಸಿನೊಳಗೆ ಮುಟ್ಟಿಸುತ್ತದೆ.

ಕೂಸಿನ ಪರವಾಗಿಯೂ ನಿಯತ್ ಮಾಡಬಹುದು, ತಲ್ಬಿಯಾ (ಲಬ್ಬೈಕ್ ಪ್ರಾರ್ಥನೆ) ಅಪ್ಪ ಅಥವಾ ಅಮ್ಮ ಹೇಳಿದರಾಯ್ತು. ಮಾಡದಿದ್ದರೂ ತಪ್ಪೇನಿಲ್ಲ, ಕೂಸು ಸುಮ್ನೆ ಜೊತೆಗೆ ಬಂದ ಹಾಗೆ. ಹನಫಿಗಳಲ್ಲಿ ಕೂಸಿನ ಇಹ್ರಾಮ್‌ನಲ್ಲಿ ಏನಾದರೂ ತಪ್ಪಾದರೆ ದಂಡ ಬೀಳಲ್ಲ, ಹಾಗಾಗಿ ಡೈಪರ್, ಕುಲಾಯಿ ಬಗ್ಗೆ ಹೆದರಬೇಡಿ. ಶಾಫಿ ಪಂಥದವರು ತಮ್ಮ ಆಲಿಮರನ್ನು (ಧರ್ಮ ಪಂಡಿತರನ್ನು) ಕೇಳಿ, ಅವರಲ್ಲಿ ಕೆಲವು ವಿಷಯ ಬೇರೆ. ಹರಂ ಒಳಗೆ ಎಸಿ ಜೋರು, ಗಂಡು ಕೂಸಾದರೂ ತಲೆ ಮುಚ್ಚಿ.

ತವಾಫ್‌ಗೆ ಬೆಳಿಗ್ಗೆ ಏಳೂವರೆಯಿಂದ ಹತ್ತೂವರೆ ಒಳಗೆ ಅಥವಾ ರಾತ್ರಿ ಹನ್ನೊಂದರ ಮೇಲೆ ಜನ ಕಡಿಮೆ ಇರುತ್ತಾರೆ. ಹೊರಡುವ ಮೊದಲು ಹಾಲು, ಡೈಪರ್. ಕೂಸು ಅಪ್ಪನ ಎದೆಗೆ ಇರಲಿ, ಮುಖ ಕಾಣುವ ಹಾಗೆ. ತಳ್ಳುವ ಗಾಡಿಯನ್ನು ಕೆಳಗಿನ ಮತಾಫ್‌ಗೆ (ತವಾಫ್ ಮಾಡುವ ಅಂಗಳಕ್ಕೆ) ಬಿಡಲ್ಲ. ಕಾಬಾಕ್ಕೆ ಹತ್ತಿರ ಹೋಗುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಕೂಸು ಇದ್ದಾಗ ಹೊರಗಿನ ಅಂಚಿನಲ್ಲೇ ಸುತ್ತಿ. ಹಜರೆ ಅಸ್ವದ್ (ಕಾಬಾದ ಮೂಲೆಯ ಕಪ್ಪು ಕಲ್ಲು) ಕಡೆ ನುಗ್ಗಬೇಡಿ. ಅದರ ಗುರುತಿಗೆ ಇರುವ ಹಸಿರು ದೀಪದ ನೇರಕ್ಕೆ ಬಂದಾಗ ದೂರದಿಂದಲೇ ಕೈ ಎತ್ತಿದರೆ ಸುನ್ನತ್ (ಪ್ರವಾದಿಯವರ ರೀತಿ) ಆಯ್ತು. ಮೂರನೇ ಸುತ್ತಿನಲ್ಲಿ ಕೂಸು ಅತ್ತರೆ? ಬದಿಗೆ ಬನ್ನಿ, ದೊಡ್ಡ ಓಢಣಿ ಹೊದ್ದು ಹೆಂಗಸರ ಜಾಗದಲ್ಲಿ ಕೂತು ಹಾಲು ಕುಡಿಸಿ, ಬಿಟ್ಟ ಕಡೆಯಿಂದ ಮುಂದುವರಿಸಿ. ಹನಫಿಗಳಲ್ಲಿ ಇದಕ್ಕೆ ಅಡ್ಡಿ ಇಲ್ಲ. ಎಷ್ಟನೇ ಸುತ್ತು ಅನ್ನೋದು ಇಬ್ಬರೂ ನೆನಪಿಡಿ.

ಸಈ ಶುರುವಾಗಿದ್ದೇ ಒಂದು ಕೂಸಿನ ಬಾಯಾರಿಕೆಯಿಂದ. ಬೀಬಿ ಹಾಜಿರಾ ಪುಟ್ಟ ಇಸ್ಮಾಯಿಲರಿಗೆ ನೀರು ಹುಡುಕಿ ಸಫಾ ಮರ್ವಾ ನಡುವೆ ಓಡಿದ್ದು, ಆಮೇಲೆ ಕೂಸಿನ ಹತ್ತಿರವೇ ಝಂಝಂ ನೀರು ಉಕ್ಕಿದ್ದು. ಎದೆಗೆ ಕೂಸು ಕಟ್ಟಿಕೊಂಡು ಅಲ್ಲಿ ನಡೆಯುವಾಗ ನನಗೆ ಕಣ್ಣೀರು ತಡೆಯಲಾಗಲಿಲ್ಲ. ಸಈ ದಾರಿಯ ಹಸಿರು ದೀಪಗಳ ನಡುವೆ ಗಂಡಸರು ಸ್ವಲ್ಪ ಓಡುತ್ತಾರೆ, ಕೂಸು ಹಿಡಿದವರು ನಡೆದೇ ಹೋಗಿ. ಸಈಗೆ ವುಜೂ ಕಡ್ಡಾಯ ಅಲ್ಲ, ಹಾಗಾಗಿ ತವಾಫ್ ಮುಗಿಸಿ ರೂಮಿಗೆ ಹೋಗಿ ಮಲಗಿ ಎದ್ದು ಬಂದು ಮಾಡಿದರೂ ನಡೆಯುತ್ತದೆ. ಬಾಡಿಗೆ ಗಾಡಿಗಳು ಇವೆ, ಆದರೆ ನಡೆಯುವ ಶಕ್ತಿ ಇದ್ದವರು ನಡೆದೇ ಮಾಡಬೇಕು. ಸಿಸೇರಿಯನ್ ಆಗಿ ಬೆನ್ನು ನೋವಿದ್ದವರು ಮೊದಲೇ ಮೌಲಾನಾ ಹತ್ತಿರ ಮಸ್‌ಅಲಾ (ಧರ್ಮದ ನಿಯಮ) ಕೇಳಿಕೊಳ್ಳಿ. ಕೊನೆಗೆ ಇಹ್ರಾಮ್ ಬಿಡಲು ಕೂದಲು ಕತ್ತರಿಸುವುದು. ಕೂಸಿನ ಪರವಾಗಿ ನಿಯತ್ ಮಾಡಿದ್ದರೆ ಅದರದ್ದೂ ಸ್ವಲ್ಪ ಕತ್ತರಿಸಿ, ಅಂಗಡಿಯ ಬ್ಲೇಡಿಗೆ ಎಳೆ ತಲೆ ಕೊಡಬೇಡಿ. ಸಣ್ಣ ಕತ್ತರಿ ಒಯ್ಯಿರಿ, ವಿಮಾನದಲ್ಲಿ ಅದು ದೊಡ್ಡ ಬ್ಯಾಗಿನಲ್ಲೇ ಇರಲಿ.

ಝಂಝಂ ಕೂಸಿಗೆ ಕೊಡಬೇಕಾ? ಆರು ತಿಂಗಳವರೆಗೆ ತಾಯಿ ಹಾಲು ಬಿಟ್ಟು ನೀರೂ ಬೇಡ ಅಂತ ಡಾಕ್ಟರು ಹೇಳುತ್ತಾರೆ, ನಾನೂ ಅದನ್ನೇ ಹೇಳುತ್ತೇನೆ. ನೀವು ಚೆನ್ನಾಗಿ ಕುಡಿಯಿರಿ, ದುಆ ಮಾಡಿ. ದೊಡ್ಡ ಮಕ್ಕಳಿಗೆ ತಣ್ಣಗಿಲ್ಲದ ಝಂಝಂ ಬೇರೆ ಡ್ರಮ್ಮಿನಲ್ಲಿ ಇರುತ್ತದೆ, ಅದನ್ನು ಕೊಡಿ. ಪುಡಿ ಹಾಲು ಕಲಸಲು ಬಾಟಲಿ ನೀರು ಕುದಿಸಿ ಬಳಸಿ. ಜೇನು ಒಂದು ವರ್ಷದವರೆಗೆ ನೆಕ್ಕಿಸಲೇಬಾರದು, ಯಾರು ಎಷ್ಟೇ ಬರಕತ್ ಅಂದರೂ.

ಮದೀನಾದಲ್ಲಿ ರೌಝಾಗೆ (ಪ್ರವಾದಿಯವರ ಮಸೀದಿಯೊಳಗಿನ ಪವಿತ್ರ ಜಾಗ) ಹೋಗಲು ಸೌದಿ ಸರ್ಕಾರದ ನುಸುಕ್ ಆ್ಯಪಿನಲ್ಲಿ ಪರ್ಮಿಟ್ ಮಾಡಿಸಬೇಕು. ಗಂಡ ಹೆಂಡತಿ ಬೇರೆ ಬೇರೆ ಹೊತ್ತಿಗೆ ಪರ್ಮಿಟ್ ತಗೊಂಡರೆ ಒಬ್ಬರು ಕೂಸು ನೋಡಿಕೊಳ್ಳಬಹುದು. ಎರಡೂ ಊರಿನಲ್ಲಿ ಕೂಸಿನ ಕೈಗೆ ಒಂದು ಪಟ್ಟಿ ಕಟ್ಟಿ, ನಿಮ್ಮ ಫೋನ್ ನಂಬರ್, ಹೋಟೆಲ್ ಹೆಸರು ಬರೆದಿರಲಿ.

ವಾಪಸ್ ಬಂದ ಮೇಲೆ ಮನೆ ತುಂಬಾ ಜನ ಬರುತ್ತಾರೆ, ಖರ್ಜೂರ ಝಂಝಂ ಹಂಚಿ. ಕೂಸನ್ನು ಮಾತ್ರ ಎರಡು ದಿನ ಒಳಗಿನ ಕೋಣೆಯಲ್ಲಿ ಮಲಗಿಸಿ, ಕೈಯಿಂದ ಕೈಗೆ ಕೊಡಬೇಡಿ. ಕೆಮ್ಮು, ಜ್ವರ ಕಂಡರೆ ಸೌದಿಯಿಂದ ಬಂದಿದ್ದೇವೆ ಅಂತ ಡಾಕ್ಟರಿಗೆ ಹೇಳಿ.